ಬರೆಯೋಳ್ಗೆ ಹೇಳು

ಟಿವಿಯ ಹಿಂದಿನ ಸಂದಿಗೆ ಕೈ ತೂರಿಸಿ ರಮ್ಯ ಕೇಬಲ್ಲಿನ ವೈರನ್ನು ಜಗ್ಗಿದಳು. ಬರಲಿಲ್ಲ. ಇನ್ನೊಮ್ಮೆ ಜೋರಾಗಿ ಎಳೆದಾಗ ವೈರಿನ ಜೊತೆ ಸೆಟ್‌ಟಾಪ್ ಬಾಕ್ಸೂ ಕಿತ್ತುಕೊಂಡು ಬಂದು, ಗೋಡೆಗೆ ಬಡಿದು, ಚಾಪೆಯ ಮೇಲೆ ಮಲಗಿಸಿದ್ದ ಅಜ್ಜಿಯ ತಲೆಯಿಂದ ಒಂದು ಮೊಳ ಆಚೆಗೆ ಬಿತ್ತು. ಹಾಲಿನಲ್ಲಿ ಕೂತಿದ್ದ ಏಳೆಂಟು ಹೆಂಗಸರು ಅಳುವುದನ್ನು ಅಷ್ಟಕ್ಕೇ ನಿಲ್ಲಿಸಿ ಅವಳ ಕಡೆ ನೋಡಿದರು.

"ಏನೇ ಅದು ಸದ್ದು?" ಅಡುಗೆಮನೆ ಬಾಗಿಲಲ್ಲಿ ಗೋವಿಂದಮ್ಮ ನಿಂತಿದ್ದಳು. "ಟಿವಿ ಮೇಲೆ ಒಂದು ಬಟ್ಟೆ ಹಾಕಿದ್ರೆ ಸಾಕಿತ್ತು. ಕಿತ್ತುಹಾಕ್ಬೇಕಾ?"

"ಯಾರಾದ್ರೂ ಮಕ್ಕಳು ಆನ್ ಮಾಡ್ಬಿಟ್ರೆ ಅಂತ, ಅಮ್ಮ."

"ಯಾವ ಮಕ್ಕಳೇ?"

ಆ ಮನೆಯಲ್ಲಿ ಮಕ್ಕಳೆನ್ನುವವರು ಇರಲಿಲ್ಲ. ರಮ್ಯಳೇ ಕೊನೆಯ ಮಗು, ಅವಳಿಗೂ ಮೂವತ್ತಾಗಿತ್ತು. ಪುಣ್ಯಕ್ಕೆ ಪಕ್ಕದ ಮನೆಯ ಆದಿಲಕ್ಷ್ಮಿ ಬಾಯಿ ಹಾಕಿದಳು. "ಬಿಡಿ ಗೋವಿಂದಮ್ಮ, ಅಜ್ಜಿ ಅಂದ್ರೆ ಪ್ರಾಣ ಅವಳಿಗೆ. ದುಃಖದಲ್ಲಿ ಏನ್ ಮಾಡ್ತಿದೀನಿ ಅಂತ ಗೊತ್ತಾಗಲ್ಲ." ಹಾಗೆ ಹೇಳುತ್ತ ಅವಳು ಒಂದು ಕೈಯಲ್ಲಿ ಕಣ್ಣು ಒರೆಸಿಕೊಂಡಳು. ಇನ್ನೊಂದು ಕೈಯಲ್ಲಿ ಮೊಬೈಲು ಇತ್ತು. ರಮ್ಯ ನೋಡಿದ್ದು ಆ ಇನ್ನೊಂದು ಕೈಯನ್ನು.

ಈ ಮನೆಯ ಟಿವಿಯ ಕತೆಯೇನೋ ಮುಗಿಯಿತು. ಆದರೆ ದೊಮ್ಮಲೂರಿನ ಈ ಒಂದು ಬೀದಿಯಲ್ಲೇ ಇನ್ನು ಐವತ್ತು ಟಿವಿಗಳಿದ್ದವು, ಸಂಜೆ ಏಳಕ್ಕೆ ಅಷ್ಟರಲ್ಲೂ ಒಂದೇ ಧಾರಾವಾಹಿ ಬರುತ್ತಿತ್ತು. ಅದಕ್ಕೂ ಮೊದಲು, ಮಧ್ಯಾಹ್ನ ಹನ್ನೆರಡಕ್ಕೇ, ಮೊಬೈಲಿನ ಆ್ಯಪಿನಲ್ಲಿ ಬಂದುಬಿಡುತ್ತಿತ್ತು. ಇವತ್ತಿನ ಸಂಚಿಕೆಯಲ್ಲಿ ಸರ್ವಮಂಗಳಾದೇವಿ ಎಂಬ ಅತ್ತೆ ತನ್ನ ಸೊಸೆಗೆ ಬಂದ ಕೆಲಸದ ಆರ್ಡರನ್ನು ಹಂಡೆ ಒಲೆಗೆ ಹಾಕಿ ಸುಡುತ್ತಾಳೆ. ಅದನ್ನು ಬರೆದವಳು ರಮ್ಯ. ಅದು ನಡೆದದ್ದು ಇದೇ ಮನೆಯಲ್ಲಿ. ಸುಟ್ಟವಳು ಹಣೆಯ ಮೇಲೆ ಕಾಸು ಇಟ್ಟುಕೊಂಡು ಹಾಲಿನಲ್ಲಿ ಮಲಗಿದ್ದಳು. ಆರ್ಡರು ಗೋವಿಂದಮ್ಮನದು. ಅದು ಬರಲೇ ಇಲ್ಲ ಎಂದು ಗೋವಿಂದಮ್ಮ ಮೂವತ್ತೊಂದು ವರ್ಷದಿಂದ ಹೇಳಿಕೊಂಡು ಬಂದಿದ್ದಳು.

ಇವತ್ತೊಂದು ದಿನ ಅಮ್ಮನಿಗೆ ತಿಳಿಯಬಾರದು. ಮೂವತ್ತೊಂದು ವರ್ಷ ಅನ್ನ ಹಾಕಿ, ಕಾಲೊತ್ತಿ, ಕೊನೆಯ ಮೂರು ವಾರ ಮಗುವಿನಂತೆ ಎತ್ತಿ ಕೂರಿಸಿದ ಅತ್ತೆಯನ್ನು ಕಳಿಸಿಕೊಡುವ ದಿನ, ಆ ಅತ್ತೆ ಮಾಡಿದ್ದನ್ನು ಮೊಬೈಲಿನಲ್ಲಿ ನೋಡಿ ತಿಳಿಯುವಂತಾಗಬಾರದು. ಅದೂ ಮಗಳು ಬರೆದ ಮಾತಿನಲ್ಲಿ. ರಮ್ಯ ಮಹಡಿಗೆ ಓಡಿ ಸುನಿಲ್‌ಗೆ ಫೋನ್ ಮಾಡಿದಳು. ಸುನಿಲ್ ಆ ಧಾರಾವಾಹಿಯ ಸಂಚಿಕೆ ನಿರ್ದೇಶಕ.

"ಮೆಸೇಜ್ ನೋಡ್ದೆ ರಮ್ಯ, ಸಾರಿ. ಅಜ್ಜಿಗೆ ತುಂಬಾ ವಯಸ್ಸಾಗಿತ್ತಾ?"

"ಎಪ್ಪತ್ತೆಂಟು. ಸುನಿಲ್, ಇವತ್ತಿನ ಹಂಡೆ ಸೀನ್ ತೆಗೀಬೇಕು."

"ಏನು?"

"ತೆಗೆಯೋಕಾಗದಿದ್ರೆ ಮ್ಯೂಟಾದ್ರೂ ಮಾಡಿ. ಪ್ಲೀಸ್."

"ರೀ, ಎಪಿಸೋಡು ನಿನ್ನೆ ಸಂಜೇನೇ ಚಾನೆಲ್‌ಗೆ ಹೋಯ್ತು. ನನ್ನ ಕೈಯಲ್ಲಿ ಏನಿದೆ ಹೇಳಿ. ಅದೂ ಅಲ್ದೆ, ಎರಡು ವರ್ಷದಲ್ಲಿ ನೀವು ಬರೆದ ಬೆಸ್ಟ್ ಸೀನ್ ಅದು. ಶೂಟಿಂಗ್‌ನಲ್ಲಿ ಲೈಟ್ ಹುಡುಗರೆಲ್ಲ ಗಪ್‌ಚಿಪ್. ಈ ಟೈಮಲ್ಲಿ ಕೇಳ್ಬಾರ್ದು. ಮುಂದಿನ ವಾರದ ಡೈಲಾಗು ನಾಳೆ ಬೇಕಿತ್ತು. ನಾಡಿದ್ದು ಕೊಟ್ರೂ ನಡೆಯುತ್ತೆ."

ರಮ್ಯ ಫೋನ್ ಇಟ್ಟಳು. ಕೆಳಗೆ ಶಾಮಿಯಾನದ ಕಂಬ ನೆಡುತ್ತಿದ್ದರು. ಅಪ್ಪ ಅಂಜನಮೂರ್ತಿ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದೊಂದಾಗಿ ಬಿಡಿಸಿ ಸಾಲಾಗಿ ಇಡುತ್ತಿದ್ದ. ಚಿಕ್ಕಪ್ಪ ಕೆಂಪರಾಜ್ ಬಂದವರಿಗೆಲ್ಲ ನಾಲ್ಕು ಗಂಟೆಗೆ ಮಣ್ಣು, ನಾಲ್ಕು ಗಂಟೆಗೆ ಮಣ್ಣು ಎಂದು ಹೇಳಿಕೊಂಡು ಓಡಾಡುತ್ತಿದ್ದ. ಹನ್ನೆರಡಕ್ಕೆ ಇನ್ನೂ ಎರಡು ಗಂಟೆ ಇತ್ತು.

*

ಅಜ್ಜಿ ಚಿಕ್ಕಮುನಿಯಮ್ಮ ಹಲಸೂರು ಮಾರ್ಕೆಟ್ಟಿನ ಹೊರಗೆ ನಲವತ್ತು ವರ್ಷ ಸೊಪ್ಪು ಮಾರಿದವಳು. ನಸುಕಿನಲ್ಲಿ ತೋಟದಿಂದ ಕಿತ್ತು, ಕಟ್ಟು ಕಟ್ಟಿ, ಮಂಕರಿ ಹೊತ್ತು ದೊಮ್ಮಲೂರಿನಿಂದ ನಡೆದೇ ಹೋಗಿ, ಹನ್ನೊಂದಕ್ಕೆಲ್ಲ ಖಾಲಿ ಮಾಡುತ್ತಿದ್ದಳು. ಶುಕ್ರವಾರವಾದರೆ ಮಂಕರಿಯನ್ನು ಪಕ್ಕದ ಹೂವಿನವಳಿಗೆ ಒಪ್ಪಿಸಿ ಮ್ಯಾಟ್ನಿಗೆ ನುಗ್ಗುವಳು. ಕನ್ನಡವೋ ತಮಿಳೋ ಹಿಂದಿಯೋ ಅದು ಅವಳಿಗೆ ಮುಖ್ಯವಲ್ಲ, ಪರದೆ ಇದ್ದರೆ ಸಾಕು. ತೀರ್ಪು ಕೊಡುವಾಗ ಮಾತ್ರ ಸೊಪ್ಪಿನ ಭಾಷೆ. "ಮೇಲ್ಗಡೆ ನಾಕು ಎಲೆ ಚೆನ್ನಾಗವೆ, ಒಳಗೆ ಬರೀ ಹುಲ್ಲು" ಎಂದರೆ ಹಾಡು, ಫೈಟು ಎಲ್ಲ ಇದ್ದೂ ಕತೆ ಇಲ್ಲದ ಪಿಕ್ಚರ್. "ಬಾಡಿದ್ದಕ್ಕೆ ನೀರು ಚಿಮುಕ್ಸವ್ರೆ" ಎಂದರೆ ಹಳೇ ಕತೆಗೆ ಹೊಸ ಹೀರೋ. ಎಲ್ಲೋ ವರ್ಷಕ್ಕೊಂದು ಸಲ "ಬೇರು ಸಮೇತ ಐತೆ" ಎಂದುಬಿಟ್ಟರೆ ಮನೆಯವರೆಲ್ಲ ಹೋಗಿ ನೋಡಬೇಕು, ನೋಡದವರಿಗೆ ಅವತ್ತು ಸಾರು ಖಾರ.

ತೋಟ ಹೋಗಿ ಮನೆಗಳಾದವು, ಥಿಯೇಟರುಗಳು ಹೋಗಿ ಅಂಗಡಿಗಳಾದವು. ತೀರ್ಪು ಮಾತ್ರ ನಿಲ್ಲಲಿಲ್ಲ. ರಮ್ಯಳ ಮೊಬೈಲಿನಲ್ಲಿ ಅವಳು ಎಲ್ಲವನ್ನೂ ನೋಡಿದಳು. ಒಬ್ಬನೇ ನಾನೂರು ಜನರನ್ನು ಹೊಡೆದುರುಳಿಸುವ ದೊಡ್ಡ ಪಿಕ್ಚರ್ ಮುಗಿದ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಇಷ್ಟು ಜನ ಸತ್ರಲ್ಲೇ, ಒಬ್ಬರ ಮನೇಲೂ ಸೂತಕ ಇಲ್ವಾ?" ಊರೆಲ್ಲ ಹೊಗಳಿದ ಕೊಲೆ ಕತೆಯ ಸೀರೀಸನ್ನು ಎರಡನೇ ಕಂತಿಗೇ ನಿಲ್ಲಿಸಿದಳು. "ಪೊಲೀಸ್ನೋರೂ ಕತ್ಲಲ್ಲೇ ಕೂತವ್ರೆ, ಕಳ್ಳನೂ ಕತ್ಲಲ್ಲೇ ಕೂತವ್ನೆ. ಎದ್ದು ಲೈಟ್ ಹಾಕಿದ್ರೆ ಮೊದಲ್ನೇ ದಿನವೇ ಸಿಕ್ಕಾಕೊಳ್ಳೋನು." ಪ್ರಶಸ್ತಿ ಬಂದ ಚಿತ್ರವೊಂದರಲ್ಲಿ ಹಸು ನಡೆದುಹೋಗುವುದನ್ನು ಮೂರು ನಿಮಿಷ ತೋರಿಸಿದ್ದರು. "ನಾನು ಮೂವತ್ತು ವರ್ಷ ಹಸಿನ ಹಿಂದೆ ನಡ್ದಿವ್ನಿ. ನಂಗ್ಯಾರೂ ಹಾರ ಹಾಕ್ನಿಲ್ಲ" ಎಂದಳು.

ಅವಳ ಬಾಯಿಗೆ ದಿನಾ ಸಿಕ್ಕಿಬೀಳುತ್ತಿದ್ದದ್ದು ಏಳು ಗಂಟೆಯ ಧಾರಾವಾಹಿ. ಒಂದು ದಿನವೂ ತಪ್ಪಿಸುತ್ತಿರಲಿಲ್ಲ, ಒಂದು ದಿನವೂ ಹೊಗಳುತ್ತಿರಲಿಲ್ಲ. ಮಾರನೆಯ ದಿನ ಊಟವಾದ ಮೇಲೆ, ಆದಿಲಕ್ಷ್ಮಿ ಕಲಿಸಿಕೊಟ್ಟಂತೆ ಮೊಬೈಲಿನ ಗುಂಡಿ ಒತ್ತಿ ಹಿಡಿದುಕೊಂಡು, ಇಂದಿರಾನಗರದ ಆಫೀಸಿನಲ್ಲಿರುವ ಮೊಮ್ಮಗಳಿಗೆ ಉದ್ದುದ್ದ ವಾಯ್ಸ್ ಮೆಸೇಜು ಕಳಿಸುವಳು. "ನೀನು ಟಿವಿ ಆಫೀಸಲ್ಲೇ ತಾನೇ ಟೈಪ್ ಮಾಡೋದು? ಆ ಬರೆಯೋನ್ಗೆ ಹೇಳು. ಸೊಸೆ ಒಡವೆ ಹಾಕ್ಕೊಂಡು ಮಲೀಕೊಂಡವ್ಳೆ. ಕತ್ತು ಚುಚ್ಚಲ್ವಾ? ಬರೆಯೋನ್ಗೆ ಹೆಂಡ್ತಿ ಇಲ್ವಾ?"

ಬರೆಯುವವನಿಗೆ ಹೆಂಡತಿ ಇರಲಿಲ್ಲ, ಏಕೆಂದರೆ ಬರೆಯುವವನು ರಮ್ಯ. ಮನೆಯಲ್ಲಿ ಅವಳು ಯಾರಿಗೂ ಹೇಳಿರಲಿಲ್ಲ. ಮೊದಲ ವಾರವೇ ಅಜ್ಜಿ "ಇವನ ಕೈ ಸೇದ್ಹೋಗ" ಎಂದು ಶಾಪ ಹಾಕಿದ್ದಳು, ಆಮೇಲೆ ಹೇಳುವ ಧೈರ್ಯ ಬರಲಿಲ್ಲ. ಆದರೆ ಆ ಮೆಸೇಜುಗಳು ಅವಳಿಗೆ ಬಂಗಾರ. ಅಜ್ಜಿಯ ಬೈಗುಳಗಳನ್ನೇ ತಿದ್ದಿ ತೀಡಿ ಸರ್ವಮಂಗಳಾದೇವಿಯ ಬಾಯಿಗೆ ಹಾಕುವಳು. ಜನ ಅತ್ತೆಯ ಪಾತ್ರಕ್ಕೆ ಶಿಳ್ಳೆ ಹೊಡೆದರು. ಅಜ್ಜಿ ಮಾತ್ರ "ಈ ಅತ್ತೆ ಒಬ್ಳು ಪರ್ವಾಗಿಲ್ಲ, ಸುಮಾರಾಗಿ ಮಾತಾಡ್ತಾಳೆ" ಎನ್ನುವಳು. ಅದನ್ನು ಕೇಳಿದ ದಿನ ರಮ್ಯಳಿಗೆ ಆಫೀಸಿನಲ್ಲಿ ನಗು ತಡೆಯಲಾಗುತ್ತಿರಲಿಲ್ಲ.

*

ಹನ್ನೊಂದೂಮುಕ್ಕಾಲಿಗೆ ಹಿತ್ತಲಿನಲ್ಲಿ ಅಜ್ಜಿಗೆ ಸ್ನಾನ ಮಾಡಿಸಿದರು. ಹೆಂಗಸರು ನಾಲ್ಕು ಕಡೆ ಸೀರೆ ಹಿಡಿದು ಮರೆ ಮಾಡಿದ್ದರು. ಬಚ್ಚಲಿನ ಗೋಡೆಯಲ್ಲಿ ಕೂರಿಸಿದ ತಾಮ್ರದ ಹಂಡೆಗೆ ಗೋವಿಂದಮ್ಮ ಹಿತ್ತಲ ಕಡೆಯ ಒಲೆಯ ಬಾಯಿಂದ ತಾನೇ ಉರಿ ಹಾಕಿ, ನೀರು ಕಾಯಿಸಿ, ಬಕೆಟ್ಟಿನಲ್ಲಿ ತಂದು, ಕೈ ಅದ್ದಿ ನೋಡಿ ಅದಕ್ಕೆ ಒಂದು ಚೊಂಬು ತಣ್ಣೀರು ಬೆರೆಸಿದಳು. ದಿನಾ ಬೆಳಗ್ಗೆ ಹೀಗೆಯೇ ಹದ ನೋಡುತ್ತಿದ್ದಳು. ಗೀಸರ್ ಹಾಕಿಸಿ ಹತ್ತು ವರ್ಷವಾಗಿದ್ದರೂ ಅಜ್ಜಿಗೆ ಹಂಡೆ ನೀರೇ ಬೇಕು.

"ಆ ಅತ್ತೆಗೆ ದಿನಾ ಹಂಡೆ ಕಾಯ್ಸಿದ್ಲು," ಸೀರೆಯ ತುದಿ ಹಿಡಿದಿದ್ದ ಆದಿಲಕ್ಷ್ಮಿ ಪಕ್ಕದವಳಿಗೆ ಹೇಳಿದಳು. "ತಾನು ಒಂದು ದಿನ ಬಿಸಿನೀರು ಹುಯ್ಕೊಂಡೋಳಲ್ಲ. ಇವತ್ತೂ ಐದು ಗಂಟೆಗೆ ತಣ್ಣೀರೇ. ಈ ಡಿಸೆಂಬರ್ ಚಳೀಲಿ! ಎಮ್ಮೆ ಮೈ ಅಂತಿದ್ರು ಅಜ್ಜಿ."

ಹೆಂಗಸರು ಅಳುವಿನ ನಡುವೆಯೇ ಒಂದಿಷ್ಟು ನಕ್ಕರು. ಗೋವಿಂದಮ್ಮನ ಮೈಯಲ್ಲಿ ಉಷ್ಣ ಜಾಸ್ತಿ ಎಂಬುದು ಬೀದಿಗೆಲ್ಲ ಗೊತ್ತಿದ್ದ ವಿಷಯ. ಗೋವಿಂದಮ್ಮ ನಗಲಿಲ್ಲ, ಅತ್ತೆಯ ಕೂದಲಿಗೆ ಸೀಗೆಪುಡಿ ಹಚ್ಚಿ ನಿಧಾನವಾಗಿ ತಿಕ್ಕುತ್ತಿದ್ದಳು.

ಹೊಸ ಸೀರೆ ಉಡಿಸಿ ಒಳಗೆ ಎತ್ತಿಕೊಂಡು ಹೋಗುವಷ್ಟರಲ್ಲಿ ಆದಿಲಕ್ಷ್ಮಿ ಕಾಣಲಿಲ್ಲ. ರಮ್ಯ ಹಾಲು, ಅಡುಗೆಮನೆ, ಶಾಮಿಯಾನ ಎಲ್ಲ ಹುಡುಕಿ ಕೊನೆಗೆ ಪಕ್ಕದ ಮನೆಯ ಜಗಲಿಯ ಮೇಲೆ ಅವಳನ್ನು ಹಿಡಿದಳು. ಮೊಬೈಲನ್ನು ಮೂಗಿನ ಹತ್ತಿರ ಇಟ್ಟುಕೊಂಡು, ಬಾಯಿ ತೆರೆದು ಕೂತಿದ್ದಳು. ಗಂಟೆ ಹನ್ನೆರಡೂಕಾಲು.

"ರಮ್ಯಾ, ಬಾರೇ ಇಲ್ಲಿ. ತಪ್ಪು ತಿಳ್ಕೋಬೇಡ, ಇವತ್ತಿಂದು ನಾನಾದ್ರೂ ನೋಡಿದ್ರೆ ನಿಮ್ಮಜ್ಜಿ ಆತ್ಮಕ್ಕೆ ಸಮಾಧಾನ ಅಂತ ಹಾಕ್ದೆ. ಆ ಸರ್ವಮಂಗಳಾದೇವಿ ಮಾತಾಡೋದು ಕೇಳು. ನಿಮ್ಮಜ್ಜೀನೇ ಎದ್ದು ಕೂತು ಮಾತಾಡ್ದಂಗೈತೆ. ಕಾಗದ ಒಲೆಗೆ ಹಾಕಿ, ನೀರು ಚೆನ್ನಾಗಿ ಕಾದಿತ್ತು ಅಂತಾಳೆ. ಮೈ ಜುಂ ಅಂತು ನಂಗೆ."

"ಅಕ್ಕ, ಕೈ ಮುಗೀತೀನಿ. ಅಮ್ಮನಿಗೆ ತೋರಿಸ್ಬೇಡಿ."

ಹೇಳಿದ ಮೇಲೆ ರಮ್ಯಳಿಗೆ ತನ್ನ ತಪ್ಪು ಗೊತ್ತಾಯಿತು. ಸುಮ್ಮನಿದ್ದಿದ್ದರೆ ಆದಿಲಕ್ಷ್ಮಿ ಒಂದಿಷ್ಟು ಮೂಗು ಸೀದಿ ಮರೆತುಬಿಡುತ್ತಿದ್ದಳು. ಈಗ ಅವಳು ಮೊಬೈಲನ್ನು ಮಡಿಲಲ್ಲಿ ಇಟ್ಟುಕೊಂಡು ರಮ್ಯಳ ಮುಖ ನೋಡಿದಳು, ಆಮೇಲೆ ಕಾಂಪೌಂಡಿನ ಆಚೆ ಇನ್ನೂ ಹೊಗೆಯಾಡುತ್ತಿದ್ದ ಹಂಡೆ ಒಲೆಯ ಕಡೆ ನೋಡಿದಳು.

"ಯಾಕೆ ತೋರಿಸ್ಬಾರ್ದು?"

"ಸಾವಿನ ಮನೇಲಿ ಯಾಕೆ ಅಂತ..."

"ನಿಮ್ಮಮ್ಮಂಗೂ ಕರೆದಿದ್ರಲ್ವಾ? ವಿಮಾನಪುರದ ಫ್ಯಾಕ್ಟ್ರೀಲಿ, ಟೈಪಿಸ್ಟ್ ಕೆಲಸಕ್ಕೆ? ಇಂಟರ್‌ವ್ಯೂಗೆ ಹೋಗ್ಬೇಕಾದ್ರೆ ನನ್ನ ಚಪ್ಪಲಿ ಹಾಕ್ಕೊಂಡು ಹೋಗಿದ್ರು. ಆಮೇಲೆ ಆರ್ಡರ್ ಬರಲೇ ಇಲ್ಲ ಅಂತ..." ಆದಿಲಕ್ಷ್ಮಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅಯ್ಯೋ ಶಿವನೇ."

"ಯಾರಿಗೂ ಹೇಳ್ಬೇಡಿ ಅಕ್ಕ."

"ಇಲ್ಲ ಕಣೇ. ನನ್ನಾಣೆ ಹೇಳಲ್ಲ."

ಆದಿಲಕ್ಷ್ಮಿ ಮಾತಿಗೆ ತಪ್ಪುವವಳಲ್ಲ. ತೊಂದರೆ ಇದ್ದದ್ದು ಅವಳ ಮುಖದಲ್ಲಿ. ಆ ಮುಖದಲ್ಲಿ ಇವತ್ತಿನವರೆಗೆ ಯಾವ ಗುಟ್ಟೂ ಒಂದು ದಿನ ನಿಂತದ್ದಿಲ್ಲ.

*

ಆ ಮೆಸೇಜು ಬಂದದ್ದು ಒಂದೂವರೆ ತಿಂಗಳ ಹಿಂದೆ. ಹಿಂದಿನ ದಿನದ ಸಂಚಿಕೆಯಲ್ಲಿ ಸರ್ವಮಂಗಳಾದೇವಿ ಸೊಸೆಯ ಪಾಯಸಕ್ಕೆ ವಿಷ ಬೆರೆಸಿದ್ದಳು. ಅಜ್ಜಿ ಏಳು ನಿಮಿಷ ಮಾತಾಡಿದ್ದಳು.

"ಗೋಡಂಬಿ ಹಾಕಿದ ಪಾಯಸಾನ ಯಾವ ಅತ್ತೆ ಹಾಳು ಮಾಡ್ತಾಳೆ ಹೇಳು? ಬರೆಯೋನು ಅತ್ತೇನ ಕಂಡೇ ಇಲ್ಲ. ಅತ್ತೆ ವಿಷ ಹಾಕಲ್ಲ ಕಣೇ, ಒಲೆಗೆ ಸೌದೆ ಹಾಕ್ತಾಳೆ. ನಮ್ ಬೀದೀಲಿ ಒಬ್ಳಿದ್ಲು ಅತ್ತೆ. ಅವ್ಳ ಸೊಸೇಗೆ ಕೆಲಸದ ಆರ್ಡರ್ ಬಂತು. ಪೋಸ್ಟ್ನೋನು ಇವಳ ಕೈಗೆ ಕೊಟ್ಟೋದ. ಓದಕ್ಕೆ ಬರಲ್ಲ, ಆದ್ರೂ ಗೊತ್ತಾಯ್ತು. ಇವ್ಳು ಫ್ಯಾಕ್ಟ್ರಿ ಬಸ್ ಹತ್ತಿದ್ರೆ ಸೊಪ್ಪು ಯಾರು ಕಟ್ಟೋದು? ಅಷ್ಟೇ ಕಣೇ ಯೋಚ್ನೆ ಮಾಡಿದ್ದು. ಬೇರೆ ದ್ವೇಷ ಗೀಷ ಏನಿಲ್ಲ. ಹಂಡೆ ಒಲೆಗೆ ಹಾಕಿದ್ಲು. ಕಾಗದ ಚೆನ್ನಾಗಿ ಉರೀತು. ನೀರೂ ಚೆನ್ನಾಗಿ ಕಾದಿತ್ತು. ಸೊಸೆ ನೀರು ಹುಯ್ಕೊಳ್ಳಕ್ಕೆ ಬಚ್ಚಲಿಗೆ ಹೋದ್ಲು..."

ಆ ಹೊತ್ತಿಗೆ ರಮ್ಯಳ ಬೆರಳು ಕೀಬೋರ್ಡಿನ ಮೇಲಿತ್ತು. ಅಜ್ಜಿಯ ದನಿ ಇನ್ನೂ ಎರಡು ನಿಮಿಷ ಉಳಿದಿತ್ತು, ಅವಳು ನಿಲ್ಲಿಸಿಬಿಟ್ಟಳು. ಸೀನು ಸಿಕ್ಕಿತ್ತು. ಮುಂದಿನದನ್ನು ತಾನೇ ಬರೆದಳು. ಸೊಸೆ ಆ ಬಿಸಿನೀರನ್ನೇ ಖುಷಿಯಾಗಿ ಹುಯ್ದುಕೊಂಡು, ಒದ್ದೆ ಕೂದಲು ಒರೆಸಿಕೊಳ್ಳುತ್ತ ಬಂದು, "ಇವತ್ತು ನೀರು ಹದವಾಗಿತ್ತು ಅತ್ತೆ" ಎನ್ನುತ್ತಾಳೆ. ಒದ್ದೆ ಕೂದಲಿನ ಶಾಟು ಇದ್ದರೆ ಶಾಂಪೂ ಕಂಪನಿಯವರಿಗೂ ಖುಷಿ ಎಂದ ಸುನಿಲ್.

ಅವತ್ತಿನಿಂದ ಅಜ್ಜಿ ದಿನಾ ಕೇಳತೊಡಗಿದಳು. "ಆ ಒಲೆ ಸೀನು ಯಾವತ್ತು ಬತ್ತದೆ?" ಒಂದು ದಿನ ಮಂಚದ ಮೇಲೆ ಮಲಗಿಕೊಂಡೇ, "ಶುಕ್ರವಾರ ಹಾಕ್ಬೇಡ ಅನ್ನು. ಶುಕ್ರವಾರ ಸಂಜೆ ನಿಮ್ಮಮ್ಮ ದೇವಸ್ಥಾನಕ್ಕೆ ಹೋಗ್ತಾಳೆ" ಎಂದಳು. ಟಿವಿಯವರಿಗೆ ಅಪ್ಪಣೆ ಕೊಡುವುದು ಅಜ್ಜಿಗೆ ಹೊಸದಲ್ಲ. ರಮ್ಯ ನಕ್ಕು ಸುಮ್ಮನಾದಳು.

ನಗು ನಿಂತದ್ದು ಎಂಟು ದಿನದ ಹಿಂದೆ. ಗೋವಿಂದಮ್ಮ ಒಗೆದ ಬಟ್ಟೆ ಮಡಿಸುತ್ತ, ಮಗಳು ಲ್ಯಾಪ್‌ಟಾಪಿನ ಮೇಲೆ ಬೆರಳಾಡಿಸುವುದನ್ನು ನೋಡುತ್ತ, ಯಾರನ್ನೋ ಕುರಿತು ಹೇಳುವಂತೆ ಹೇಳಿದಳು. "ನಾನೂ ನಿಮಿಷಕ್ಕೆ ನಲವತ್ತೈದು ಪದ ಹೊಡೀತಿದ್ದೆ. ಹಲಸೂರಲ್ಲಿ ಕಲಿತಿದ್ದು. ಫ್ಯಾಕ್ಟ್ರೀಲಿ ಇಂಟರ್‌ವ್ಯೂ ಆಯ್ತು, ಆರ್ಡರ್ ಬರಲೇ ಇಲ್ಲ." ರಮ್ಯಳ ಬೆರಳು ನಿಂತವು. ಅಷ್ಟು ಹೊತ್ತಿಗೆ ಸೀನು ಶೂಟಿಂಗ್ ಆಗಿಹೋಗಿತ್ತು. ಅಜ್ಜಿಯನ್ನು ಕೇಳೋಣವೆಂದರೆ ಅಜ್ಜಿಗೆ ಮಾತಾಡುವ ಶಕ್ತಿ ಇರಲಿಲ್ಲ.

*

ಮೂರೂವರೆಗೆ ತಮಟೆಯವರು ಬಂದರು. ಹೂವಿನ ಪಲ್ಲಕ್ಕಿ ಎತ್ತುವಾಗ ಅಂಜನಮೂರ್ತಿ ಮಡಕೆ ಹಿಡಿದು ಮುಂದೆ ನಿಂತ. ಗೋವಿಂದಮ್ಮ ಗೇಟಿನವರೆಗೆ ಬಂದು, ಪಲ್ಲಕ್ಕಿಯ ಕೋಲನ್ನು ಒಮ್ಮೆ ಮುಟ್ಟಿ, ಕೈ ಬಿಟ್ಟಳು. ಬೀದಿಯ ತಿರುವಿನಲ್ಲಿ ತಮಟೆಯ ಸದ್ದು ಬಸ್ಸಿನ ಹಾರ್ನುಗಳಲ್ಲಿ ಸೇರಿಹೋಯಿತು.

ನೆಂಟರ ಹೆಂಗಸರು ಒಬ್ಬೊಬ್ಬರಾಗಿ ಹೊರಟರು. ಉಳಿದವರು ಮೂವರೇ. ಗೋವಿಂದಮ್ಮ ಹಾಲಿಗೆ ನೀರು ಹುಯ್ದಳು, ರಮ್ಯ ಪೊರಕೆಯಿಂದ ನೀರನ್ನು ಬಾಗಿಲಿನ ಕಡೆ ತಳ್ಳಿದಳು, ಆದಿಲಕ್ಷ್ಮಿ ಚಾಪೆ ಸುತ್ತಿದಳು. ಇನ್ನು ನಾಲ್ಕು ಗಂಟೆ ಕಳೆದರೆ ಈ ದಿನ ದಾಟುತ್ತದೆ ಎಂದು ರಮ್ಯ ಲೆಕ್ಕ ಹಾಕುತ್ತಿದ್ದಳು. ನಾಳೆ ತಾನೇ ಹೇಳಬಹುದು. ಅಥವಾ ಹದಿಮೂರು ದಿನ ಕಳೆದ ಮೇಲೆ.

"ಏನ್ ಆದಿಲಕ್ಷ್ಮಿ," ಗೋವಿಂದಮ್ಮ ಬಕೆಟ್ ಕೆಳಗಿಟ್ಟಳು. "ಬೆಳಗ್ಗೆಯೆಲ್ಲ ನನ್ನ ಹಿಂದೆ ಹಿಂದೇನೇ ಇದ್ದೋಳು, ಮಧ್ಯಾಹ್ನದಿಂದ ನನ್ನ ಮುಖ ನೋಡ್ತಿಲ್ಲ."

"ಏನಿಲ್ಲಪ್ಪ. ಏನೈತೆ?"

"ಇವತ್ತಿಂದು ನೋಡಿದ್ಯಾ?"

ಆದಿಲಕ್ಷ್ಮಿ ಚಾಪೆಯನ್ನು ಅವಚಿಕೊಂಡು ರಮ್ಯಳ ಕಡೆ ನೋಡಿದಳು. ಆ ಒಂದು ನೋಟ ಸಾಕಾಯಿತು.

"ಕೊಡು ಮೊಬೈಲು," ಎಂದಳು ಗೋವಿಂದಮ್ಮ.

"ಅಮ್ಮ, ಬೇಡ. ಇವತ್ತು ಬೇಡ."

"ಅತ್ತೆ ಇದ್ದಿದ್ರೆ ಮೊದಲು ಕೇಳೋರು, ಇವತ್ತೇನಾಯ್ತು ಅಂತ. ಕೊಡು."

ಅವಳು ಒದ್ದೆ ನೆಲದ ಮೇಲೆಯೇ, ಅತ್ತೆಯ ತಲೆ ಇದ್ದ ಕಡೆ ಗೋಡೆಗೆ ಒರಗಿ ಕೂತಳು. ರಮ್ಯಳಿಗೆ ಪರದೆ ಕಾಣುತ್ತಿರಲಿಲ್ಲ, ಮಾತು ಮಾತ್ರ ಕೇಳುತ್ತಿತ್ತು. ತಾನೇ ಬರೆದ ಒಂದೊಂದು ಮಾತೂ ಮುಂಚಿತವಾಗಿಯೇ ಗೊತ್ತಿತ್ತು. "ಸೊಪ್ಪು ಯಾರು ಕಟ್ಟುವುದು" ಎಂಬುದನ್ನು ಅವಳು "ಮನೆ ಯಾರು ನೋಡಿಕೊಳ್ಳುವುದು" ಎಂದು ಬದಲಿಸಿದ್ದಳು. ಉಳಿದದ್ದೆಲ್ಲ ಹಾಗೆಯೇ ಇತ್ತು. ಕಾಗದ ಉರಿಯಿತು. ನೀರು ಕಾದಿತ್ತು. ಪಿಟೀಲು ನುಡಿಯಿತು. ಸೊಸೆ ನಗುತ್ತ ಬಂದು, "ಇವತ್ತು ನೀರು ಹದವಾಗಿತ್ತು ಅತ್ತೆ" ಎಂದಳು.

ಗೋವಿಂದಮ್ಮ ಮೊಬೈಲನ್ನು ಮಡಿಲಲ್ಲಿ ಇಟ್ಟುಕೊಂಡಳು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಅಳು ಬಂದಿದ್ದರೆ, ಸಿಟ್ಟು ಬಂದಿದ್ದರೆ ರಮ್ಯ ಕಾಲು ಹಿಡಿದುಬಿಡುತ್ತಿದ್ದಳು.

"ಯಾರು ಬರ್ದಿದ್ದು ಇದನ್ನ?"

"ನಾನು, ಅಮ್ಮ."

"ಅದು ಗೊತ್ತು. ನಾನೂ ಟೈಪಿಂಗ್ ಕಲ್ತೋಳೆ. ಇನ್ನೊಬ್ಬರು ಬರ್ದಿದ್ದನ್ನ ಟೈಪ್ ಮಾಡೋರು ನಿನ್ನಂಗೆ ತಮ್ಮಷ್ಟಕ್ಕೆ ಮಾತಾಡ್ಕೊಂಡು ಟೈಪ್ ಮಾಡಲ್ಲ. ಒಂದು ತಪ್ಪೈತೆ."

"ಏನಮ್ಮ?"

"ಅವಳು ಆ ನೀರು ಹುಯ್ಕೊಂಡ್ಲು ಅಂತ ಬರ್ದಿದ್ದೀಯಲ್ಲ. ಹುಯ್ಕೊಳ್ಳಲ್ಲ."

ಆದಿಲಕ್ಷ್ಮಿ ಚಾಪೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ಬಚ್ಚಲಿಗೆ ಹೋಗೋ ಮುಂಚೆ ಸೌದೆ ಒಳಗೆ ತಳ್ಳೋಣ ಅಂತ ಬಗ್ಗಿದೆ. ಕವರಿನ ಒಂದು ಮೂಲೆ ಸುಡದೆ ಈಚೆ ಬಿದ್ದಿತ್ತು. ಗೋವಿಂ ಅಂತ ಮಾತ್ರ ಉಳ್ದಿತ್ತು. ಅಚ್ಚುಕಟ್ಟಾಗಿ ಟೈಪ್ ಮಾಡಿದ್ರು, ಒಂದು ಅಕ್ಷರ ಮೇಲೆ ಕೆಳಗೆ ಆಗಿರ್ಲಿಲ್ಲ." ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. "ಅದ್ರಲ್ಲಿ ಕಾದ ನೀರನ್ನ ಯಾರೇ ಮೈಮೇಲೆ ಹುಯ್ಕೋತಾರೆ?"

ರಮ್ಯ ಪೊರಕೆ ಹಿಡಿದುಕೊಂಡೇ ಕೂತಳು. "ಮೊದಲೇ ಗೊತ್ತಿತ್ತಾ ನಿಂಗೆ? ಫ್ಯಾಕ್ಟ್ರಿಗೆ ಹೋಗಿ ಕೇಳ್ಬಹುದಿತ್ತಲ್ಲ?"

"ನೀನು ಹೊಟ್ಟೇಲಿದ್ದೆ. ನಿಮ್ಮಪ್ಪ, ಬರದಿದ್ರೆ ಹೋಗ್ಲಿ ಬಿಡು ಅಂದ್ರು."

"ಅಜ್ಜೀನ ಒಂದು ಮಾತು ಕೇಳ್ಲಿಲ್ವಾ?"

"ದಿನಾ ಬೆಳಗ್ಗೆ ತಣ್ಣೀರು ಹುಯ್ಕೊಂಡು ಅವರ ಮುಂದೇನೇ ಬರ್ತಿದ್ದೆನಲ್ಲ," ಎಂದಳು ಗೋವಿಂದಮ್ಮ. "ಇನ್ನೇನು ಕೇಳೋದು?"

ಆಗ ರಮ್ಯಳಿಗೆ ಕೇಳದೆ ಬಿಟ್ಟ ಎರಡು ನಿಮಿಷ ನೆನಪಾಯಿತು. ತನ್ನ ಮೊಬೈಲು ತೆಗೆದು, ಅಜ್ಜಿಯ ಮೆಸೇಜುಗಳಲ್ಲಿ ಬೆರಳು ಎಳೆದು ಎಳೆದು ಹಿಂದಕ್ಕೆ ಹೋದಳು. ಅವಸರದಲ್ಲಿ ಎರಡು ಸಲ ಬೇರೆ ಮೆಸೇಜು ಒತ್ತಿದಳು, ಒಂದರಲ್ಲಿ ಅಜ್ಜಿ ಯಾವುದೋ ಹೀರೋನ ಗಡ್ಡವನ್ನು ಬೈಯುತ್ತಿದ್ದಳು. ಕೊನೆಗೆ ಸಿಕ್ಕಿತು. ನಿಲ್ಲಿಸಿದ ಜಾಗದಿಂದ ಶುರುವಾಯಿತು. ತೊಳೆದ ಹಾಲಿನಲ್ಲಿ, ಹೆಣ ಹೋದ ಮನೆಯಲ್ಲಿ, ಚಿಕ್ಕಮುನಿಯಮ್ಮ ಕೆಮ್ಮಿ ಗಂಟಲು ಸರಿಮಾಡಿಕೊಂಡಳು.

"...ಹೋದೋಳು ಬಿಸ್ನೀರು ಹುಯ್ಕೊಳ್ಳೇ ಇಲ್ಲ ಕಣೇ. ಒಲೆ ಬಾಯಾಗೆ ಏನ್ ಕಂಡ್ಲೋ. ತಣ್ಣೀರು ಹುಯ್ಕೊಂಡು, ತೊಟ್ಟಿಕ್ಕಿಸ್ಕೊಂಡು ಬಂದು ನನ್ ಮುಂದೆ ನಿಂತ್ಕೊಂಡ್ಲು. ಒಂದ್ ಮಾತಾಡ್ಲಿಲ್ಲ. ಅವತ್ತಿಂದ ಇವತ್ತಿನವರ್ಗೂ ತಣ್ಣೀರೇ. ಬಸುರಿ, ಬಾಣಂತಿ, ಜ್ವರ, ಏನೇ ಬರ್ಲಿ, ತಣ್ಣೀರೇ. ಎಮ್ಮೆ ಮೈ ಅಂತಿದ್ದೆ ನಾನು. ಇನ್ನೇನ್ ಅನ್ಲಿ? ದಿನಾ ನಂಗೆ ಕಾಯ್ಸಿ ಕೊಡೋಳು. ನೀನೂ ಒಂದ್ ಚೊಂಬು ಹುಯ್ಕೊಳ್ಳವ್ವ ಅನ್ನಕ್ಕೆ ಬಾಯಿ ಬರ್ನಿಲ್ಲ ಕಣೇ, ಒಂದಿನಾನೂ ಬರ್ನಿಲ್ಲ. ಇದನ್ನ ಬಿಡ್ಬೇಡ. ಇದಿಲ್ದಿದ್ರೆ ಬರೀ ಎಲೆ. ಇದಿದ್ರೇ ಬೇರು ಸಮೇತ. ಬರೆಯೋಳ್ಗೆ ಹೇಳು."

ಬರೆಯೋಳ್ಗೆ. ಎರಡು ವರ್ಷ ಬರೆಯೋನ್ಗೆ, ಬರೆಯೋನ್ಗೆ ಎಂದು ಬೈದ ಬಾಯಿ. ರಮ್ಯ ಮುಖ ಮುಚ್ಚಿಕೊಂಡು ಅತ್ತಳು. ಬೆಳಗ್ಗೆಯಿಂದ ಅವಳು ಅತ್ತಿರಲಿಲ್ಲ.

ಗೋವಿಂದಮ್ಮ "ಇನ್ನೊಂದು ಸಲ ಹಾಕು" ಎನ್ನಲಿಲ್ಲ. ನೆಲಕ್ಕೆ ಕೈ ಊರಿ ಎದ್ದಳು. ಸೀರೆಯ ಹಿಂಭಾಗವೆಲ್ಲ ಒದ್ದೆಯಾಗಿತ್ತು.

"ಹಂಡೇಲಿರೋ ನೀರು ಚೆಲ್ಲು, ಅದು ಅತ್ತೆಗೆ ಕಾಯ್ಸಿದ್ದು. ಹೊಸ ನೀರು ತುಂಬಿ ಉರಿ ಹಾಕು."

"ಅಪ್ಪ ಅವರೆಲ್ಲ ಬರೋದು ಆರು ಗಂಟೆ ಆಗುತ್ತೆ ಅಮ್ಮ. ಈಗ್ಲೇ ಕಾಯ್ಸಿದ್ರೆ ಆರಿಹೋಗಲ್ವಾ?"

"ಅವರಿಗೆ ಆಮೇಲೆ ಕಾಯ್ಸಿದ್ರಾಯ್ತು," ಎಂದಳು ಗೋವಿಂದಮ್ಮ.

ರಮ್ಯ ಹಂಡೆ ತೊಳೆದು ಹತ್ತು ಬಕೆಟ್ ನೀರು ತುಂಬಿದಳು. ಹಿತ್ತಲಿಗೆ ಬಂದು ತೆಂಗಿನ ಗರಿ ಮುರಿದು ಒಲೆಗೆ ತುರುಕಿದಳು. ಹೊಗೆ ಕಣ್ಣಿಗೆ ಹೋಯಿತು, ಅವಳಿಗೆ ಉರಿ ಹಾಕಿ ಅಭ್ಯಾಸವಿರಲಿಲ್ಲ. ಆದಿಲಕ್ಷ್ಮಿ ಪಕ್ಕ ಬಂದು ಕೂತು, ಕೊಳವೆಯಿಂದ ಊದಿ ಹೊತ್ತಿಸಿಕೊಟ್ಟಳು. ನೀರು ಸದ್ದು ಮಾಡತೊಡಗಿದಾಗ ಗೋವಿಂದಮ್ಮ ಬಂದು, ಒಣ ಸೀರೆಯನ್ನು ಬಚ್ಚಲಿನ ಬಾಗಿಲ ಮೇಲೆ ಹಾಕಿ, ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಅಮ್ಮನ ಸ್ನಾನದ ಸದ್ದು ರಮ್ಯಳಿಗೆ ಚಿಕ್ಕಂದಿನಿಂದ ಗೊತ್ತು. ದಬದಬನೆ ನಾಲ್ಕು ಚೊಂಬು, ಅಷ್ಟಕ್ಕೆ ಮುಗಿಯಿತು. ಇವತ್ತು ಒಂದು ಚೊಂಬು ಬಿದ್ದ ಮೇಲೆ ಏನೂ ಕೇಳಿಸಲಿಲ್ಲ. ಆದಿಲಕ್ಷ್ಮಿ ಊದುವುದನ್ನು ನಿಲ್ಲಿಸಿ ಗೋಡೆಯ ಕಡೆ ನೋಡಿದಳು. ಬಹಳ ಹೊತ್ತಿನ ಮೇಲೆ ಇನ್ನೊಂದು ಚೊಂಬು ಬಿತ್ತು, ನಿಧಾನವಾಗಿ, ಹೆಗಲಿನಿಂದ ಇಳಿದು ಬರುವ ಹಾಗೆ. ಬಾಗಿಲಿನ ಸಂದಿಯಿಂದ ಹಬೆ ಹೊರಗೆ ಬಂದು ಹಿತ್ತಲಿನ ತಣ್ಣನೆ ಗಾಳಿಯಲ್ಲಿ ಹರಡಿತು.

"ರಮ್ಯಾ," ಒಳಗಿಂದ ಗೋವಿಂದಮ್ಮ ಕೂಗಿದಳು. "ಇನ್ನೊಂದು ಸೌದೆ ಹಾಕೇ."